ಮಳೆ ರಜೆ, ಬಿಸಿಲು ರಜೆ

ದೋಹಾಕ್ಕೆ ಬಂದ ಮೇಲೆ ನನ್ನ ಗಂಡನ ಅಂಗಿಗಳನ್ನು ನಾನು ಬಿಸಿಲಿಗೆ ಬೈಯುತ್ತಲೇ ಒಗೆದಿದ್ದೇನೆ. ಮೊಯ್ದಿನ್ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಟಿಕೆಟ್ ತಲುಪಿಸುವ ಕೆಲಸ ಮಾಡುತ್ತಿದ್ದರು. ಬೆಳಿಗ್ಗೆ ನಜ್ಮಾ ಎಂಬ ಬಡಾವಣೆಯ ನಮ್ಮ ಮನೆಯಿಂದ ಹೊರಟರೆ ಊರಿಡೀ ನಡೆದು, ಬಸ್ಸು ಹತ್ತಿ, ಬೇರೆಯವರು ವಿಮಾನ ಹತ್ತುವ ಚೀಟಿಗಳನ್ನು ಅವರವರ ಕೈಗೆ ಕೊಟ್ಟು ಸಂಜೆ ಬರುತ್ತಿದ್ದರು. ಆಗ ಅಂಗಿಯ ಬೆನ್ನಿನ ತುಂಬ ಬೆವರೊಣಗಿದ ಉಪ್ಪಿನ ಗೆರೆಗಳು. ತಣ್ಣೀರಲ್ಲಿ ನೆನೆಸಿಡದೆ ಸೋಪು ಹಾಕಿದರೆ ಅವು ಹೋಗುವುದೇ ಇಲ್ಲ.

ಒಂದು ವರ್ಷ ಜುಲೈಯಲ್ಲಿ ಅವರು ರಸ್ತೆ ಬದಿಯಲ್ಲೇ ತಲೆ ತಿರುಗಿ ಬಿದ್ದರು. ಬಿಸಿಲಲ್ಲಿ ಅಲೆಯುವ ಕೆಲಸ ಇನ್ನು ಸಾಕು ಎಂದರು ಡಾಕ್ಟರರು. ಇನ್ನೊಂದು ಬೇಸಿಗೆ ಬರುವುದರೊಳಗೆ ಆಫೀಸಿನ ಕೌಂಟರಿನಲ್ಲಿ ಕುಳಿತು ಮಾಡುವ ಕೆಲಸ ಸಿಗಬೇಕು. ಇಲ್ಲವಾದರೆ ಗಂಟುಮೂಟೆ ಕಟ್ಟಿ ಊರಿಗೆ ಮರಳಬೇಕು. ಹಾಗೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಮಗಳು ಶಹನಾಳಿಗೆ ಹೇಳಿರಲಿಲ್ಲ.

ಏಜೆನ್ಸಿಯ ಮ್ಯಾನೇಜರ್ ಕಾಸ್ಮಿರ್ ಸಾರ್ ಮಂಗಳೂರಿನವರು. ಡಿಸೆಂಬರಿನ ಆರಂಭದಲ್ಲಿ ಅವರು ಇವರನ್ನು ಕರೆದು ಕೈಗೊಂದು ಬಣ್ಣದ ಕಾಗದ ಕೊಟ್ಟರಂತೆ. "ನೋಡು ಮಾರಾಯಾ, ಇದು ಸೈಪ್ರಸ್ ಅಂತ ಒಂದು ದ್ವೀಪದ್ದು. ಚಳಿಗಾಲದ ಪ್ಯಾಕೇಜು. ನಮ್ಮಲ್ಲಿ ಯಾರಿಂದಲೂ ಮಾರ್ಲಿಕ್ಕೆ ಆಗ್ಲಿಲ್ಲ. ನೀನು ಒಂದು ಫ್ಯಾಮಿಲಿಯನ್ನು ಕಳಿಸು, ಖಾಲಿ ಇರುವ ಕೌಂಟರಿನ ಕುರ್ಚಿ ನಿಂದು."

ಆ ಕಾಗದ ಅಚ್ಚಾದದ್ದು ಇಂಗ್ಲೆಂಡಿನವರಿಗಾಗಿ. ಚಳಿಗಾಲದಲ್ಲಿ ಮೆಡಿಟರೇನಿಯನ್ ದ್ವೀಪಕ್ಕೆ ಏಕೆ ಹೋಗಬೇಕು ಎಂದು ಅದರಲ್ಲಿ ಕಾರಣಗಳನ್ನು ಕೊಟ್ಟಿದ್ದರು: ಮೋಡ ಮುಸುಕಿದ ಊರಿನಿಂದ ತಪ್ಪಿಸಿಕೊಂಡು ಬನ್ನಿ, ಇಲ್ಲಿ ದಿನವಿಡೀ ಬಿಸಿಲು, ಮರದಲ್ಲೇ ಹಣ್ಣಾದ ಕಿತ್ತಳೆ, ಜನಜಂಗುಳಿಯಿಲ್ಲದ ಕಡಲ ದಂಡೆ, ವಯಸ್ಸಾದವರ ಮೊಣಕಾಲಿಗೂ ಹಿತ.

ಮೊಯ್ದಿನ್ ಟಿಕೆಟ್ ಕೊಡಲು ಹೋದಲ್ಲೆಲ್ಲ ಇದನ್ನೇ ಹೇಳಿದರು. ಜನ ನಕ್ಕರು. ಒಬ್ಬ ಅರಬಿ ಎದ್ದುಬಂದು, ಕಿಟಕಿಯ ಪರದೆ ಸರಿಸಿ, "ಬಿಸಿಲಾ? ಬೇಕಾದಷ್ಟು ಉಂಟು, ನೀನೇ ಚೀಲದಲ್ಲಿ ತುಂಬಿಸಿಕೊಂಡು ಹೋಗು. ಯಲ್ಲಾ!" ಎಂದನಂತೆ.

ಅಂದು ಸಂಜೆ ಇವರು ಮುಖ ಸಣ್ಣ ಮಾಡಿಕೊಂಡು ಬಂದು ಕಾಗದವನ್ನು ಊಟದ ಚಾಪೆಯ ಮೇಲೆ ಬಿಸಾಡಿದರು. ನಾನು ಅಕ್ಕಿರೊಟ್ಟಿ ತಟ್ಟುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಅದನ್ನೆತ್ತಿ ನೋಡಿದೆ. ಮೇಲೆ ದೊಡ್ಡ ಅಕ್ಷರದಲ್ಲಿ 'ವಿಂಟರ್ ಸನ್ ಹಾಲಿಡೇ' ಎಂದಿತ್ತು.

"ಇದು ಯಾರು ಕೊಡುವುದು?" ಎಂದು ಕೇಳಿದೆ.

"ಎಂತದ್ದು?"

"ಈ ಬಿಸಿಲು ರಜೆ. ನಮ್ಮ ಶಾಲೆಯಲ್ಲಿ ಜೋರು ಮಳೆ ಬಂದ್ರೆ ಹೆಡ್‌ಮಾಷ್ಟ್ರು ಮಳೆ ರಜೆ ಕೊಡ್ತಿದ್ರಲ್ಲ, ಹಾಗೆ ಅಲ್ಲಿ ಬಿಸಿಲು ಜೋರಾದ್ರೆ ರಜೆ ಕೊಡ್ತಾರಾ? ಅದೂ ಚಳಿಗಾಲದಲ್ಲಿ?"

ಹೋಮ್‌ವರ್ಕ್ ಮಾಡುತ್ತಿದ್ದ ಶಹನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಉಮ್ಮಾ, ಅದು ಸ್ಕೂಲ್ ಹಾಲಿಡೇ ಅಲ್ಲ! ಟೂರ್ ಹಾಲಿಡೇ! ಜನ ಬಿಸಿಲು ನೋಡ್ಲಿಕ್ಕೆ ಹೋಗುದು!"

"ನೋಡ್ಲಿಕ್ಕೆ ಹೋಗುವುದಾ? ಅದಕ್ಕೂ ಟಿಕೆಟ್ ಬೇಕಾ?" ನನಗೂ ನಗು ಬಂತು. "ಹಾಗಾದ್ರೆ ಇಲ್ಲಿಯವರಿಗೆ ನೀವು ಬಿಸಿಲು ರಜೆ ಕೊಡುವುದು ಯಾಕೆ? ಮಳೆ ರಜೆ ಕೊಡಿ. ಓಡಿಕೊಂಡು ಬರ್ತಾರೆ."

ತಮಾಷೆಗೆ ಹೇಳಿದ ಮಾತು. ಇವರು ತಟ್ಟೆಗೆ ಹಾಕಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು ಕಾಗದವನ್ನು ಕಸಿದುಕೊಂಡರು. ಕೊನೆಯ ಸಾಲಿನಲ್ಲಿ, ಕ್ಷಮೆ ಕೇಳುವ ಹಾಗೆ ಸಣ್ಣ ಅಕ್ಷರದಲ್ಲಿ, 'ಈ ತಿಂಗಳುಗಳಲ್ಲಿ ಆಗಾಗ ಮಳೆಯೂ ಬರಬಹುದು, ಕೊಡೆ ಜೊತೆಗಿರಲಿ' ಎಂದಿತ್ತು.

"ಸುಬೈದಾ," ಎಂದರು ಮೊಯ್ದಿನ್, "ಈ ಕೊನೆಯ ಸಾಲೇ ಇನ್ನು ಮೊದಲನೆಯದ್ದು."

ಮರುದಿನ ಆಫೀಸಿನ ಟೈಪಿಸ್ಟನ ಕೈಯಲ್ಲಿ ಅರಬಿಯಲ್ಲಿ ಹೊಸ ಕಾಗದ ಮಾಡಿಸಿದರು. ಮೇಲೆ 'ಇಜಾಝತ್ ಮತರ್' ಎಂದು, ಅಂದರೆ ಮಳೆ ರಜೆ ಎಂದೇ ಹಾಕಿಸಿದರು. ಕಾಸ್ಮಿರ್ ಸಾರ್ ಅದರ ಅರ್ಥ ಕೇಳಿ ಕುರ್ಚಿಯಲ್ಲೇ ಕುಲುಕಾಡಿ ನಕ್ಕರಂತೆ. "ಮಳೆ ರಜೆಯಾ! ನಾನು ಬೇಕಂತಲೇ ಕೊಡೆ ಮನೆಯಲ್ಲಿ ಬಿಟ್ಟು ಹೋಗ್ತಿದ್ದೆ ಮಾರಾಯಾ, ಮಳೆಗೆ ನೆನೆದು ಚಂಡಿಯಾದ್ರೆ ಮಾಷ್ಟ್ರು ವಾಪಸ್ ಕಳಿಸ್ಲಿ ಅಂತ!"

ವಾರ ಕಳೆಯುವ ಮೊದಲೇ ಅಬು ನಾಸರ್ ಎಂಬ ಸ್ಥಳೀಯ ವ್ಯಾಪಾರಿ ಆ ಕಾಗದ ಹಿಡಿದುಕೊಂಡು ಬಂದ. ಅವನ ತಾಯಿಗೆ ವಯಸ್ಸಾಗಿತ್ತು. ಮಳೆಯ ಸದ್ದು ಕೇಳುತ್ತಾ ಕೂರಬೇಕೆಂಬುದು ಆಕೆಯ ಆಸೆ.

"ಮಳೆ ಬರುವುದು ಖಂಡಿತವಾ?" ಎಂದು ಕೇಳಿದ.

"ಇನ್ಶಾ ಅಲ್ಲಾ," ಎಂದರು ಮೊಯ್ದಿನ್.

ಹಿಂದಿನಿಂದ ಕಾಸ್ಮಿರ್ ಸಾರ್ "ಖಂಡಿತ, ಖಂಡಿತ" ಎಂದುಬಿಟ್ಟರು. ಟಿಕೆಟ್ ಆಯಿತು. ಏನಾದರೂ ಬೇಕಾದರೆ ಇರಲಿ ಎಂದು ಇವರು ನಮ್ಮ ಮನೆಯ ಫೋನ್ ನಂಬರನ್ನೂ ಬರೆದುಕೊಟ್ಟರು.

ಅಬು ನಾಸರನ ಮನೆಯವರು ವಿಮಾನ ಹತ್ತಿದ ಮಾರನೆಯ ದಿನ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಬೆಳಿಗ್ಗೆ ದೋಹಾದ ಆಕಾಶ ನಮ್ಮ ಕರಾವಳಿಯ ಆಕಾಶದ ಹಾಗೆ ಕಪ್ಪಾಯಿತು. ಆಮೇಲೆ ಸುರಿಯಿತು ನೋಡಿ! ಚರಂಡಿಯೇ ಇಲ್ಲದ ಬೀದಿಯಲ್ಲಿ ಮೊಣಕಾಲುದ್ದ ನೀರು. ಎದುರಿನ ದರ್ಜಿ ಅಂಗಡಿಯವರು ಬಟ್ಟೆಯ ಥಾನುಗಳನ್ನು ತಲೆಯ ಮೇಲೆ ಹೊತ್ತುಕೊಂಡು ನಿಂತಿದ್ದರು. ಶಾಲೆಯ ಬಸ್ಸು ಬರಲಿಲ್ಲ. ಶಹನಾ ಯೂನಿಫಾರ್ಮಿನಲ್ಲೇ ಕುಣಿದಳು. "ಉಮ್ಮಾ, ಮಳೆ ರಜೆ! ನಿಜವಾದ ಮಳೆ ರಜೆ!"

ಮೊಯ್ದಿನ್ ಮಾತ್ರ ಕಿಟಕಿಯ ಬಳಿ ತಲೆಯ ಮೇಲೆ ಕೈಹೊತ್ತು ಕುಳಿತಿದ್ದರು. "ಇವನಿಗೆ ಮಳೆ ಅಂತ ಹೇಳಿ ಅಲ್ಲಿಗೆ ಕಳಿಸಿದೆ. ಮಳೆ ಅವನ ಮನೆ ಬಾಗಿಲಿಗೇ ಬಂತಲ್ಲ!"

"ಅಲ್ಲಿಯೂ ಬರಬಹುದು," ಎಂದೆ.

ಬರಲಿಲ್ಲ. ಪ್ರತಿ ಸಂಜೆ ಟಿವಿಯ ಇಂಗ್ಲಿಷ್ ವಾರ್ತೆಯ ಕೊನೆಗೆ ಹವಾಮಾನದ ನಕಾಶೆ ಬರುತ್ತಿತ್ತು. ನಾವು ಮೂವರೂ ಪಾತ್ರೆಪಗಡೆ ಬಿಟ್ಟು ಅದರ ಮುಂದೆ ಕೂರುತ್ತಿದ್ದೆವು. ಆ ಪುಟ್ಟ ದ್ವೀಪದ ಮೇಲೆ ದಿನವೂ ಒಂದು ಹಳದಿ ಸೂರ್ಯ. ಕಾಣದ ಊರಿಗೆ ಎರಡು ಹನಿ ಮಳೆ ಕೊಡು ಅಲ್ಲಾಹ್ ಎಂದು ನಾನು ನಮಾಜು ಮುಗಿಸಿ ದಿನವೂ ಬೇಡಿದೆ. ಅಬು ನಾಸರ್ ಸಿಟ್ಟಾಗಿ ಬಂದು ಹಣ ವಾಪಸ್ ಕೇಳಿದರೆ ಎಲ್ಲ ಮುಗಿಯಿತು; ಇವರ ಕುರ್ಚಿ ಆ ಹನಿಯ ಮೇಲೆ ನಿಂತಿತ್ತು. ಕಾಸ್ಮಿರ್ ಸಾರ್ ಕೂಡ ನಗುವುದನ್ನು ನಿಲ್ಲಿಸಿದ್ದರು.

ಶುಕ್ರವಾರ ಬೆಳಿಗ್ಗೆ ನಾನು ಕಾವಲಿಗೆ ನೀರ್‌ದೋಸೆಯ ಹಿಟ್ಟು ಹೊಯ್ಯುವಾಗ ಫೋನು ಬಂತು. ಇವರು ಎತ್ತಿದ್ದೇ ತಡ, ಒಲೆಯ ಹತ್ತಿರವಿದ್ದ ನನಗೂ ಅಬು ನಾಸರನ ಗಂಟಲು ಕೇಳಿಸಿತು.

"ಕಝ್ಝಾಬ್! ಸುಳ್ಳುಗಾರ! ಎಲ್ಲಿದೆ ನನ್ನ ಮಳೆ?"

ಮೊಯ್ದಿನ್ ಎದ್ದು ನಿಂತು, "ಮಾಫಿ ಮತರ್?" ಎಂದರು, ಪಾಪ, ಮಳೆ ಇಲ್ಲದ್ದು ಈಗಷ್ಟೇ ಗೊತ್ತಾದವರ ಹಾಗೆ. ಆಮೇಲೆ ಅವರು ಫೋನನ್ನು ಕಿವಿಗೊತ್ತಿ ಕೇಳಿಸಿಕೊಂಡರು. ನನ್ನ ದೋಸೆ ಸೀದುಹೋಯಿತು. ನಿಧಾನವಾಗಿ ಅವರ ಬಾಯಿ ಕಿವಿಯವರೆಗೆ ಅಗಲವಾಯಿತು.

ಫೋನಿಟ್ಟು ಹೇಳಿದರು: "ಒಂದು ಹನಿಯೂ ಬಂದಿಲ್ವಂತೆ. ಮೊದಲ ದಿನ ಮುದುಕಿ ಮಳೆ ನೋಡ್ಬೇಕಂತ ಬಾಲ್ಕನಿಯಲ್ಲಿ ಕುರ್ಚಿ ಹಾಕಿಸಿ ಕೂತದ್ದು. ಮಳೆ ಬರ್ಲಿಲ್ಲ, ಬಿಸಿಲು ಬಂತು. ಸುಡುವ ಬಿಸಿಲಲ್ಲ, ಮೈಮೇಲೆ ಕಂಬಳಿ ಹೊದೆಸಿದ ಹಾಗಿನದ್ದು. ಇಲ್ಲಿ ಎಸಿ ಮನೆಯಿಂದ ಎಸಿ ಕಾರಿಗೆ ಹೋಗುವ ಹೆಂಗಸು, ಬಿಸಿಲಲ್ಲಿ ಕೂತು ಎಷ್ಟೋ ವರ್ಷ ಆಗಿದೆಯಂತೆ. ಈಗ ಬೆಳಿಗ್ಗೆ ಕೂತ್ರೆ ಸಂಜೆಯವರೆಗೆ ಏಳುವುದಿಲ್ಲ. ಕಿತ್ತಳೆ ತಿನ್ನುವುದು, ಕಾಲು ನೀಡುವುದು. ಮೊಣಕಾಲು ನೋವು ಕಡಿಮೆಯಂತೆ."

"ಮತ್ತೆ ಬೈದದ್ದು?"

"ಊರಿಗೆ ಹೋಗುವ ಅಂದ್ರೆ, ಮಳೆ ರಜೆಗೆ ಬಂದದ್ದು, ಮಳೆ ಬರದೆ ಬರುವುದಿಲ್ಲ ಅಂತ ಹಟ ಮಾಡ್ತಾಳಂತೆ! ಇನ್ನೂ ಒಂದು ವಾರಕ್ಕೆ ಟಿಕೆಟ್ ಬದಲು ಮಾಡ್ಬೇಕು. ಅವನ ತಮ್ಮನ ಮನೆಯವರನ್ನೂ ಕಳಿಸ್ಬೇಕಂತೆ."

ಮಳೆಗೆ ಕಾಯುತ್ತಾ ಬಿಸಿಲು ಕಾಯುತ್ತಿದ್ದ ಆ ಅಜ್ಜಿಯನ್ನು ನಾನು ನೋಡಿಲ್ಲ. ಆದರೆ ಅವರ ಮೇಲೆ ನನಗೆ ತುಂಬ ಪ್ರೀತಿ.

ಮರುದಿನ ಕಾಸ್ಮಿರ್ ಸಾರ್ ಮೊಯ್ದಿನ್‌ರನ್ನು ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಅದು ಸರಿಯಾಗಿ ಎಸಿಯ ಬಾಯಿಯ ಕೆಳಗಿತ್ತು. ಕೆಲವು ದಿನಗಳಲ್ಲೇ ಇವರಿಗೆ ಶೀತ ಹಿಡಿದು ಮೂಗು ಕೆಂಪಾಯಿತು. ನಾನು ಪೆಟ್ಟಿಗೆಯ ತಳದಿಂದ ಸ್ವೆಟರ್ ತೆಗೆದುಕೊಟ್ಟೆ. ಒಗೆಯುವಾಗ ಅಂಗಿಯ ಬೆನ್ನನ್ನು ಅಭ್ಯಾಸಬಲದಿಂದ ತಿರುಗಿಸಿ ನೋಡುತ್ತೇನೆ. ಬೆನ್ನು ಬರಿದಾಗಿರುತ್ತದೆ.

ಮುಂದಿನ ಶುಕ್ರವಾರ ಊಟವಾದ ಮೇಲೆ ಇವರು ಸೀನುತ್ತಾ, "ಸುಬೈದಾ, ಏಳು. ಕಾರ್ನಿಷ್‌ಗೆ ಹೋಗುವ," ಎಂದರು.

"ಎಂತಕ್ಕೆ? ಇಸ್ತ್ರಿ ಬಾಕಿ ಉಂಟು."

"ಸ್ವಲ್ಪ ಬಿಸಿಲು ಕಾಯುವ."

ಇಷ್ಟು ವರ್ಷ ಬೈದ ಬಿಸಿಲಿನಲ್ಲಿ, ಕಡಲ ಬದಿಯ ಕಟ್ಟೆಯ ಮೇಲೆ, ನಾವು ಮೂವರೂ ಕಾಲು ನೀಡಿ ಕುಳಿತು ಕಿತ್ತಳೆ ಸುಲಿದೆವು. ಶಹನಾ ಬೀಜ ಉಗಿಯುತ್ತಾ ಕೇಳಿದಳು, "ಉಪ್ಪಾ, ಇದು ಯಾವ ಹಾಲಿಡೇ?"

"ಬಿಸಿಲು ರಜೆ," ಎಂದರು ಮೊಯ್ದಿನ್. "ನಿನ್ನ ಉಮ್ಮ ಕೊಟ್ಟದ್ದು."