ಅಳದ ಕೂಸು

ಹೊಗೆ, ಬೆವರು, ಹುಳಿಹಾಲು: ಅಜ್ಜಿಯ ಬೆನ್ನಿಗಂಟಿ ತಿರುಗಿದ ದಿನಗಳ ಆ ವಾಸನೆ ಮುಚನೇಟಾಳಿಗೆ ಇನ್ನೂ ನೆನಪಿತ್ತು. ಈಗ ಅವಳ ಬೆನ್ನಿನ ಜೋಳಿಗೆಯಲ್ಲಿ ಅವಳದೇ ಕೂಸು ಟೊಂಗಾಯಿ. ಅದರಿಂದ ಬರುತ್ತಿದ್ದುದು ಮಾತ್ರ ಬೇರೆ ವಾಸನೆ, ಒಣಗಿದ ಬಾಯಿಯದು.

ಬುಹೇರಾ ಸೀಮೆಯ ಅವಳ ಗಂಡನ ಮನೆಯಲ್ಲಿ ಅಂದು ರಾಗಿ ಬಡಿಯುವ ಮುಯ್ಯಾಳು ಕೆಲಸ. ಊರಿನ ಗಂಡಸರು ಹಾಸುಬಂಡೆಯ ಮೇಲೆ ಕೋಲು ಬೀಸುತ್ತಿದ್ದರು. ಹೊಸ ಸೊಸೆಯಾದ ಅವಳು ಮಂಡಿಯೂರಿ, ತಲೆ ತಗ್ಗಿಸಿ ಅವರಿಗೆ ರಾಗಿ ಹೆಂಡ ಕೊಡಬೇಕು. ಮಾವ ಚಿರಂಡು ಅವರೆದುರು ದನಿ ಎತ್ತುವುದುಂಟೆ?

"ಎಂಥಾ ಕೂಸು ನೋಡ್ರಿ! ಬೆಳಗಿಂದ ಒಂದ್ಸಲ ಕುಯ್ ಅಂದಿಲ್ಲ," ಎಂದರು ಅತ್ತೆ, ಹೆಮ್ಮೆಯಿಂದ.

"ಹಾಗಾದ್ರೆ ನಿಮ್ಮ ವಂಶದ್ದಲ್ಲ ಬಿಡಮ್ಮ," ಎಂದ ಪಕ್ಕದ ಮನೆಯ ಮುದುಕ. "ಚಿರಂಡು ಹುಟ್ಟಿದಾಗ ಅತ್ತಿದ್ದು ಇನ್ನೂ ನನ್ನ ಕಿವೀಲಿದೆ."

ಎಲ್ಲರೂ ನಕ್ಕರು. ಮುಚನೇಟಾ ತಲೆ ಎತ್ತದೆ ಮುಂದಿನವರಿಗೆ ಹೆಂಡ ಕೊಟ್ಟಳು.

ಹಿಂದಿನ ದಿನದಿಂದ ಕೂಸಿಗೆ ಭೇದಿ. ಈಗ ಮೊಲೆಯನ್ನೂ ಹಿಡಿಯುತ್ತಿಲ್ಲ. ದೊಡ್ಡಿಯ ಮರೆಗೆ ಹೋಗಿ ನೆತ್ತಿ ಮುಟ್ಟಿದಳು. ಮೆತ್ತನೆಯ ಜಾಗ ಗುಳಿಬಿದ್ದಿತ್ತು. ಕೂಸಿನ ನೆತ್ತಿ ಕುಸಿದರೆ ತಾಯಿಯ ನಡತೆ ಕೆಟ್ಟಿದೆ ಎಂದೇ ಆ ಊರು ಆಡಿಕೊಳ್ಳುತ್ತಿತ್ತು. ಗಂಡ ದೂರದ ಗಣಿಯಲ್ಲಿ. ಅವಳ ಪರ ಮಾತಾಡುವವರು ಯಾರು? ಕೆಲಸ ಮುಗಿಯಲಿ, ಆಮೇಲೆ ಅತ್ತೆಯ ಕಿವಿಗೆ ಹಾಕಿದರಾಯಿತು ಎಂದುಕೊಂಡು ಮತ್ತೆ ಕೂಸನ್ನು ಕಟ್ಟಿಕೊಂಡಳು. ಅದರ ಕಾಲುಗಳು ಅವಳ ಸೊಂಟವನ್ನು ಅಪ್ಪಲಿಲ್ಲ, ಜೋತುಬಿದ್ದವು.

ಅಳದ ಕೂಸು ಬೆನ್ನ ಜೋಳಿಗೆಯಲ್ಲೇ ಸಾಯುತ್ತೆ. ಅಜ್ಜಿ ಈ ಗಾದೆ ಹೇಳುತ್ತಿದ್ದುದು ಕೂಸುಗಳಿಗಲ್ಲ, ಹಸಿದರೂ ಬಾಯಿಬಿಡದೆ ಮೂಲೆಯಲ್ಲಿ ಕೂರುತ್ತಿದ್ದ ಮೊಮ್ಮಗಳಿಗೆ. ಇವತ್ತು ಈ ಕೂಸಿಗೆ ಅಳುವ ಶಕ್ತಿಯೇ ಇಲ್ಲ. ಅದರ ಪಾಲಿನ ಅಳುವನ್ನು ಯಾರು ಅಳಬೇಕು?

ಹೆಂಡದ ಸೋರೆಬುರುಡೆ ಕೆಳಗಿಟ್ಟು, ಗಂಡಸರ ನಡುವೆ ನುಗ್ಗಿ, ಮಾವನ ಮುಂದೆ ನಿಂತುಕೊಂಡೇ ಚೀರಿದಳು. "ನನ್ ಮಗು ಸಾಯ್ತಿದೆ ಮಾವ! ನೆತ್ತಿ ಕುಸಿದಿದೆ! ನನ್ನನ್ನ ಏನ್ ಬೇಕಾದ್ರೂ ಅನ್ನಿ, ಇದನ್ನ ಉಳಿಸಿ!"

ಬೀಸಿದ ಕೋಲುಗಳು ಮೇಲೆಯೇ ನಿಂತವು. "ಛೆ, ಸೊಸೆಯಾಗಿ ಹೀಗಾ..." ಎಂದು ಯಾರೋ ಶುರು ಮಾಡಿದರು.

"ಬಾಯ್ಮುಚ್ಚು!" ಎಂದರು ಚಿರಂಡು. "ಗಾಡಿಗೆ ಎತ್ತು ಕಟ್ರೋ!"

ದವಾಖಾನೆ ಮುಟ್ಟುವವರೆಗೂ ಅವಳು ಕೂಸಿನ ಮೂಗಿನ ಬಳಿ ಬೆರಳು ಹಿಡಿದೇ ಕೂತಿದ್ದಳು. ಉಸಿರು ತಾಕಿದಾಗ ಬದುಕಿದಳು, ತಡವಾದಾಗ ಸತ್ತಳು. ನರ್ಸಮ್ಮ ಚುಚ್ಚಿದ ಸೂಜಿಗೂ ಟೊಂಗಾಯಿ ಅಳಲಿಲ್ಲ. ಬಾಟಲಿಯ ನೀರು ಹನಿಹನಿಯಾಗಿ ಇಳಿಯಿತು. ಹೊತ್ತು ವಾಲುವ ವೇಳೆಗೆ ಅವನು ಮುಖ ಕಿವುಚಿ, ಬೆಕ್ಕಿನ ಮರಿಯಂತೆ ಸಣ್ಣಗೆ ದನಿ ತೆಗೆದ.

"ಸದ್ಯ! ಆದ್ರೂ ನಾಳೆವರೆಗೂ ಏನೂ ಹೇಳಕ್ಕಾಗಲ್ಲ ತಾಯಿ," ಎಂದರು ನರ್ಸಮ್ಮ.

ತಲೆಯೆತ್ತಿದರೆ ಬಾಗಿಲಲ್ಲಿ ಅತ್ತೆ. ಅಷ್ಟು ದೂರ ನಡೆದೇ ಬಂದಿದ್ದರು. ಕಾಲ ತುಂಬ ಧೂಳು. ಮುಚನೇಟಾ ಹೆದರುತ್ತಲೇ ಮಂಡಿಯೂರಲು ಹೋದಳು. ಅತ್ತೆ ಭುಜ ಹಿಡಿದು ಕೂರಿಸಿದರು. ನಡತೆಯ ಮಾತೆತ್ತಲಿಲ್ಲ. ಗಂಟು ಬಿಚ್ಚಿ, ಇನ್ನೂ ಬೆಚ್ಚಗಿದ್ದ ರಾಗಿಮುದ್ದೆಯನ್ನೂ ಕುಂಬಳಸೊಪ್ಪಿನ ಪಲ್ಯವನ್ನೂ ಅವಳ ಕೈಗಿತ್ತರು.