ಭಾವನಿಗಾಗಿ ಎತ್ತಿದ ಹಗ್ಗ

ಹಗ್ಗ ಕಟ್ಟಿದವನೂ ತಮ್ಮನೇ, ಅದನ್ನು ಎತ್ತಿ ಹಿಡಿದು "ಬನ್ನಿ ಭಾವ" ಎಂದವನೂ ತಮ್ಮನೇ. ಅಕ್ಕನಿಗೆ ಮೈ ಉರಿಯಲು ಅಷ್ಟು ಸಾಕಾಗಿತ್ತು.

ತಮ್ಮ ಆ ರಕ್ಷಿತಾರಣ್ಯದ ಕಾವಲುಗಾರ. ಕಾಲುದಾರಿಯ ಕೊನೆಯ ಮರದ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ ಗೂಡು ಮಾಡಿತ್ತು. ಹೆಣ್ಣು ಒಳಗೆ ಕೂತು ಬಾಗಿಲಿಗೆ ಮಣ್ಣು ಮೆತ್ತಿಕೊಂಡು, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟಿತ್ತು. ಗಂಡು ತಂದು ಉಣಿಸಿದರೆ ಊಟ, ಇಲ್ಲದಿದ್ದರೆ ಉಪವಾಸ. ಮರದ ಕೆಳಗೆ ಜನ ಕಂಡರೆ ಗಂಡು ಹತ್ತಿರ ಸುಳಿಯುವುದಿಲ್ಲ. ಅದಕ್ಕೇ ದಾರಿಗೆ ಅಡ್ಡ ಆ ಹಗ್ಗ. ಇದನ್ನೆಲ್ಲ ದಾರಿಯುದ್ದಕ್ಕೂ ತಮ್ಮನೇ ವಿವರಿಸಿದ್ದ.

ಅಕ್ಕನ ಗಂಡ ಹಲ್ಲಿನ ಡಾಕ್ಟರು. ಹೂಂಗುಟ್ಟುತ್ತಲೇ ಬಂದವನು ನೇರ ಮರದ ಬುಡದಲ್ಲಿ ಕ್ಯಾಮೆರಾದ ಸ್ಟ್ಯಾಂಡು ಊರಿದ. ಬಿಸಿಲೇರಿತು. ಗಂಡು ಹಕ್ಕಿ ಕೊಕ್ಕಿನಲ್ಲಿ ಕೆಂಪು ಹಣ್ಣು ಕಚ್ಚಿಕೊಂಡು ದೂರದ ಒಣಕೊಂಬೆಯಲ್ಲಿ ಕೂತೇ ಇತ್ತು. ಒಮ್ಮೆ ಅರ್ಧ ದಾರಿ ಹಾರಿ ಬಂದು ತಿರುಗಿ ಹೋಯಿತು. ಪೊಟರೆಯ ಸೀಳಿನಿಂದ ಕೊಕ್ಕಿನ ತುದಿ ಹೊರಬಂತು. ಏನೂ ಸಿಗದೆ ಒಳಗೆ ಹೋಯಿತು.

"ಏನೋ ಇದು?" ಅಕ್ಕ ಹಲ್ಲು ಕಚ್ಚಿ ಕೇಳಿದಳು.

"ಭಾವನಿಗೆ ಹೇಗಕ್ಕ ಬೇಡ ಅನ್ನೋದು?"

"ಬಾಯಿಂದ. ನಿನ್ನೆ ಶಾಲೆ ಮಕ್ಕಳನ್ನ ಗದರಿಸಿ ಆಚೆ ನಿಲ್ಲಿಸಿದೆ ಅಂದ್ಯಲ್ಲ, ಆ ಬಾಯಿ ಎಲ್ಲಿ ಹೋಯ್ತು? ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು ನಿನ್ನ ಕಾವಲು."

"ಶ್! ನಿಮ್ಮಿಬ್ಬರ ಪಂಚಾಯ್ತಿಗೇ ಅದು ಬರ್ತಿಲ್ಲ," ಎಂದ ಗಂಡ, ಕ್ಯಾಮೆರಾದಿಂದ ಕಣ್ಣು ತೆಗೆಯದೆ.

"ರೀ, ಹಿಂದೆ ಬನ್ನಿ. ಒಳಗಿರೋದು ಹಸಿದಿದೆ."

"ಒಂದು ಹೊತ್ತು ತಡವಾದ್ರೆ ಯಾರೂ ಸಾಯಲ್ಲ ಕಣೇ."

ಈ ಮಾತು ಅವಳಿಗೆ ಹೊಸದಲ್ಲ. ಮಗಳನ್ನು ಹೆತ್ತು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಊಟ ತರುತ್ತೇನೆಂದು ಹೋದವನು ಯಾವುದೋ ಕೆರೆಯ ದಂಡೆಯಿಂದ ಫೋನಿನಲ್ಲಿ ಇದನ್ನೇ ಹೇಳಿದ್ದ. ಅಂದು ಸೈಕಲ್ ತುಳಿದುಕೊಂಡು ಬುತ್ತಿ ತಂದವನು ಈ ತಮ್ಮ. ಈಗ ಅವನೇ ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವನ ಹಾಗೆ, ಉಗುಳಲಾರದೆ ನುಂಗಲಾರದೆ ನಿಂತಿದ್ದ.

ಅಂಗಾಲಿನ ಸಿಟ್ಟು ನೆತ್ತಿಗೇರಿತು. ಅವಳು ಹಗ್ಗ ದಾಟಿ ಹೋಗಿ, ಕ್ಯಾಮೆರಾ ಸಮೇತ ಸ್ಟ್ಯಾಂಡನ್ನು ಕಿತ್ತು, ಒನಕೆಯಂತೆ ಹೆಗಲಿಗೇರಿಸಿ ನಡೆದೇಬಿಟ್ಟಳು. ಹೆಂಡತಿ ಹೋದರೆ ನಿಲ್ಲುತ್ತಿದ್ದನೇನೋ, ಕ್ಯಾಮೆರಾ ಹೋದರೆ ನಿಲ್ಲುವವನಲ್ಲ.

"ಲೇ, ತಲೆ ಕೆಟ್ಟಿದೆಯಾ? ಲೆನ್ಸು! ಲೆನ್ಸು ಹುಷಾರು!"

ಅವನು ಓಡಿ ಬಂದ. ಹಗ್ಗದಾಚೆ, ತಿರುವು ದಾಟಿ, ದಟ್ಟ ಪೊದೆಯ ಹಿಂದೆ ಬಂದ ಮೇಲೇ ಅವಳು ನಿಂತದ್ದು. ತುಸು ಹೊತ್ತಿಗೆ ತಲೆಯ ಮೇಲೆ ಕುಲುಮೆಯ ಹಳೇ ತಿದಿ ಒತ್ತಿದಂತೆ ದೊಡ್ಡ ರೆಕ್ಕೆಗಳ ಸದ್ದು ಮರದ ಕಡೆ ಹಾದುಹೋಯಿತು.

"ಬಂತು! ಕೊಡೇ ಇಲ್ಲಿ!"

ಅವಳು ಕೊಡಲಿಲ್ಲ. ಅವನು ಬರಿಗೈಯಲ್ಲೇ ಮರದತ್ತ ಓಡಿದ, ಅವಳೂ ಹಿಂದೆಯೇ ಹೋದಳು. ಹಗ್ಗದ ಬಳಿ ತಮ್ಮ ಎದುರಿಗಿದ್ದ. ಗಂಟು ಬಿಗಿಯುತ್ತ, ಮುಖ ಎತ್ತದೆ, "ಒಳಗೆ ಬಿಡಲ್ಲ ಭಾವ," ಎಂದ.

"ನನಗೇ ಹೇಳ್ತೀಯೇನೋ?"

"ನಿಮಗೇ."

ಭಾವ ಕೆಂಪಾಗಿ ಅಲ್ಲೇ ನಿಂತ. ತಮ್ಮನೋ, ಮೆಚ್ಚುಗೆಗೆಂದು ಅಕ್ಕನ ಕಡೆ ನೋಡಿದ.

"ನನ್ನ ಮುಖ ಏನು ನೋಡ್ತೀಯ?" ಎಂದಳು ಅವಳು. "ಇದನ್ನ ಬೆಳಗ್ಗೇನೇ ಹೇಳೋಕೆ ಏನಾಗಿತ್ತು?"