ನಿಲ್ಲಿಸಿದ ಚಿತ್ರದಲ್ಲಿ ಅಮ್ಮನ ಬಾಯಿ

ಚಕ್ರ ಮತ್ತೆ ಕಿರುಗುಟ್ಟಿತು, ಎಣ್ಣೆ ಬಿಡಿ ಅಂತ ಎಷ್ಟು ಸಲ ಬಡಕೊಂಡರೂ ಈ ವೃದ್ಧರ ಮನೆಯವರಿಗೆ ಕಿವಿಯಿಲ್ಲ, ಬಾಗಿಲ ಆಚೆ ಹುಡುಗಿ ರೋಗಿಗಳನ್ನು ಎತ್ತುವ ಯಂತ್ರವನ್ನು ಮಂಚದ ಕಡೆ ತಳ್ಳುತ್ತಿದ್ದಾಳೆ, ನೆಲದ ಪಟ್ಟಿಗೆ ಚಕ್ರ ತಗಲಿತು, ಎಡಕ್ಕೆ ತಿರುಗಿಸು, ಎಡಕ್ಕೆ — ಹಿಲ್ಕಾ ಕಾರಿಡಾರಿನ ಬೆಂಚಿನ ಮೇಲೆ ಕೂತು ಬಾಗಿಲಿಗೆ ಕಿವಿಗೊಟ್ಟಿದ್ದಾಳೆ, ಕೈಯಲ್ಲಿ ಹಿಡಿದ ಕಾಫಿ ತಣ್ಣಗಾಗಿದೆ, ಪಕ್ಕದಲ್ಲಿ ಏಲಕ್ಕಿ ಬನ್ನು ಕಚ್ಚದೆ ಹಾಗೇ ಬಿದ್ದಿದೆ, ಒಳಗೆ ಮಂಚದ ಮೇಲೆ ಇರುವವಳು ಅವಳ ಅಮ್ಮ. ಬೆಳಿಗ್ಗೆ ವಾರ್ಡಿನ ದಾದಿ ಸಿನಿಕ್ಕಾ ಫೋನಿನಲ್ಲಿ ಹೇಳಿದ್ದು ಎಷ್ಟು ಸಲೀಸಾಗಿ, ಇವತ್ತಿನ ಪರೀಕ್ಷೆಗೆ ಎತ್ತಿಸಬೇಕಿದ್ದ ಮುದುಕಪ್ಪನಿಗೆ ಜ್ವರ ಬಂದಿದೆ ಹಿಲ್ಕಾ, ಬೇರೆ ಯಾರೂ ಇಲ್ಲ, ಹೇಗೂ ಇವತ್ತು ಸೌನಾ ದಿನ, ಹಬೆಸ್ನಾನಕ್ಕೆ ಎತ್ತಲೇಬೇಕಲ್ಲ, ನಿಮ್ಮಮ್ಮನ್ನೇ ಎತ್ತಿಸಿಬಿಡೋಣ, ನೀನು ಮಾತ್ರ ಒಳಗೆ ಕಾಲಿಡಂಗಿಲ್ಲ, ಅಮ್ಮನ ಮೈಮೇಲೆ ಮಗಳು ಮಾರ್ಕು ಹಾಕಕ್ಕಾಗತ್ತಾ. ಆಗಲ್ಲ, ನಿಯಮ ಗೊತ್ತು, ಆ ನಿಯಮವನ್ನು ದಾದಿ ಕೆಲಸ ಕಲಿಯುವ ಹುಡುಗಿಯರಿಗೆ ತರಗತಿಯಲ್ಲಿ ಓದಿ ಹೇಳುವವಳೇ ಅವಳು, ಸರಿ ಬಿಡು ಅಂದುಬಿಟ್ಟಳು, ಹಾಗನ್ನುವಾಗ ಪರೀಕ್ಷೆ ಇವತ್ತು ಯಾರದು ಅಂತ ಕೇಳಲಿಲ್ಲ. ರೊನ್ಯಾಳದು. ಎಲ್ಲ ಬಿಟ್ಟು ರೊನ್ಯಾ. ಕೂದಲಿಗೆ ಹಸಿರು ಬಣ್ಣ ಬಳಿದುಕೊಂಡು ಇಡೀ ವರ್ಷ ಹಿಂದಿನ ಬೆಂಚಿನಲ್ಲಿ ಒಂದು ಮಾತೂ ಆಡದೆ ಕೂತವಳು, ಅಲ್ಲ, ಯಾರು ಮಾತಾಡುತ್ತಾರೆ ಇಲ್ಲಿ, ಪ್ರಶ್ನೆ ಕೇಳಿದರೆ ಸಾಕು ಇಡೀ ತರಗತಿ ಕಿಟಕಿಯಾಚೆಯ ಹಿಮ ನೋಡುತ್ತದೆ, ಹಿಮ ಯಾವತ್ತೂ ನೋಡೇ ಇಲ್ಲದವರ ಹಾಗೆ, ಆ ಮೌನ ಹಿಲ್ಕಾಳಿಗೆ ಮೈಮೇಲೆ ಇರುವೆ ಹರಿದಂತೆ, ತಡೆಯಲಾರಳು, ಕೇಳಿದವಳೇ ಉತ್ತರವನ್ನೂ ಹೇಳಿ ಮುಂದಕ್ಕೆ ಹೋಗುತ್ತಾಳೆ. ಅದಕ್ಕೇ ತಾನೇ ಈ ಹಾಳು ಪಾಠದ ವಿಡಿಯೊ ಬಂದದ್ದು. ಕಂಪ್ಯೂಟರ್ ಪಾಠ ನೋಡಿಕೊಳ್ಳುವ ಓತ್ಸೊ, ಇನ್ನೂ ಗಡ್ಡ ಸರಿಯಾಗಿ ಬಲಿಯದವನು, ನಗುತ್ತ ಹೇಳಿದ್ದು, ವಿಡಿಯೊ ಮಾಡಿ ಹಿಲ್ಕಾ, ನಡುವೆ ನಿಲ್ಲಿಸಿ ಪ್ರಶ್ನೆ ಹಾಕಿ, ಉತ್ತರ ಕೊಡೋವರೆಗೂ ಅದು ಮುಂದಕ್ಕೆ ಹೋಗಲ್ಲ, ಯಂತ್ರಕ್ಕೆ ತಾಳ್ಮೆ ಇರತ್ತೆ, ನಿಮಗಿಲ್ಲ. ನೀನೇನು ಕಂಡೆಯೋ ತಾಳ್ಮೆ, ನಾನು ಜನ್ಮವಿಡೀ ಮುದುಕರನ್ನ ಎತ್ತಿದೀನಿ, ನೀನು ಎತ್ತಿರೋದು ಕಾಫಿ ಲೋಟ ಅಂದಳು, ಅಂದರೂ ಮಾಡಿದಳು, ಅಮ್ಮನನ್ನೇ ಜೋಲಿಯಲ್ಲಿ ಕೂರಿಸಿ, ಇದೇ ಕೋಣೆಯಲ್ಲಿ, ಇದೇ ಯಂತ್ರದಲ್ಲಿ, ಬಟ್ಟೆಯ ಜೋಲಿಗೆ ನಾಲ್ಕು ಕುಣಿಕೆ, ಎರಡು ಹೆಗಲಿಗೆ ಎರಡು ಕಾಲಿಗೆ, ನಾಲ್ಕೂ ಮೇಲಿನ ಕೊಕ್ಕೆಗಳಲ್ಲಿ ಕೂರಬೇಕು, ಎಡಗಾಲಿನದನ್ನು ಬೇಕೆಂದೇ ಅರ್ಧ ಸಿಕ್ಕಿಸಿ ಬಿಟ್ಟಳು, ಮೈ ಹಾಸಿಗೆಯಿಂದ ಮೇಲೇಳುತ್ತಿದ್ದ ಹಾಗೇ ಚಿತ್ರ ನಿಲ್ಲುತ್ತದೆ, ಪರದೆಯ ಮೇಲೆ ಪ್ರಶ್ನೆ, ಯಾವ ಕುಣಿಕೆ ಸರಿಯಾಗಿ ಕೂತಿಲ್ಲ. ಚಿತ್ರ ನಿಲ್ಲುವ ಆ ಕ್ಷಣದಲ್ಲಿ ಅಮ್ಮನ ಬಾಯಿ ಅರ್ಧ ತೆರೆದಿದೆ. ಹುಡುಗಿಯರು ಅದನ್ನು ನೋಡಿ ಕಿಸಕ್ಕೆಂದು ನಗುತ್ತಾರೆ, ಮೀನಿನ ಹಾಗೆ ಅಂತಾರೆ, ಆ ಅಜ್ಜಿ ಟೀಚರಮ್ಮನ ಅಮ್ಮ ಅಂತ ಅವರಿಗೇನು ಗೊತ್ತು.

ಜೋಲಿಯ ಬಟ್ಟೆ ಸರಸರ ಎಳೆದ ಸದ್ದು, ಬೆನ್ನ ಕೆಳಗೆ ತೂರಿಸುತ್ತಿದ್ದಾಳೆ, ಬಲಕ್ಕೆ ಹೊರಳಿಸು, ಆಮೇಲೆ ಎಡಕ್ಕೆ, ಅಮ್ಮನಿಗೆ ಬಲಭಾಗ ಸ್ವಾಧೀನವಿಲ್ಲ, ಮಾತೂ ಅಷ್ಟೇ, ಒಂದು ಪದ ಹೊರಡಬೇಕಾದರೆ ಬಾಯಿ ಮೊದಲು ತೆರೆಯುತ್ತದೆ, ಪದ ಆಮೇಲೆ ಎಷ್ಟೋ ಹೊತ್ತಿಗೆ ಬರುತ್ತದೆ, ಕೆಲವು ಸಲ ಬರುವುದೂ ಇಲ್ಲ — ವಿಡಿಯೊ ತೆಗೆದ ಆವತ್ತೂ ಹಾಗೇ ಬಾಯಿ ತೆರೆದಳು, ಜೋಲಿಯಲ್ಲಿ ತೂಗುತ್ತ, ಮಗಳ ಕಡೆ ನೋಡುತ್ತ, ಅಮ್ಮಾ ಸುಮ್ಮನಿರು, ರೆಕಾರ್ಡ್ ಆಗ್ತಿದೆ, ನಿನ್ನ ದನಿ ಬರಬಾರದು, ಅಂದಳು ಹಿಲ್ಕಾ. ಅಷ್ಟೇ. ಉಳಿದದ್ದನ್ನು ಓತ್ಸೊ ಕತ್ತರಿಸಿ ಹಾಕಿದ. ಏನು ಹೇಳಹೊರಟಿದ್ದಳೋ. ಹಸಿವು, ಚಳಿ, ಸೌನಾ ಯಾವಾಗ ಅಂತ, ಇನ್ನೇನಿರುತ್ತದೆ, ಹಾಲು ಕರೆದು ಬದುಕಿದ ಹೆಂಗಸು, ಹಟ್ಟಿಯಲ್ಲಿ ಹಸುಗಳ ಜೊತೆ ಮಾತಾಡುತ್ತಿದ್ದಳೇ ಹೊರತು ಮನೆಯಲ್ಲಿ ತುಟಿ ಬಿಚ್ಚಿದವಳಲ್ಲ. ಒಂದೇ ಚಿತ್ರ ಒಂದೇ ಉತ್ತರ ಇಟ್ಟರೆ ಅವರು ಚಿತ್ರ ನೋಡಲ್ಲ ಹಿಲ್ಕಾ, ಉತ್ತರ ಕಲೀತಾರೆ, ಓತ್ಸೊ ಆಗಲೇ ಅಂದಿದ್ದ, ಯಾವ ಕುಣಿಕೆ ಅಂತ ಕೇಳ್ಬೇಡಿ, ಸಡಿಲ ಇದೆ ಅಂತ ಹೇಗೆ ಗೊತ್ತಾಗತ್ತೆ ಅಂತ ಕೇಳಿ, ಅವರೇ ಯೋಚಿಸಿ ಬರೀಲಿ ಅಂತ, ಅದಕ್ಕೆ ಹಿಲ್ಕಾ, ಅವರು ಬರೆಯೋದು ಓದೋಕೆ ನಿನ್ನ ತಾತ ಬರ್ತಾನಾ ಅಂತ ರೇಗಿದಳು. ರೇಗದೆ ಕೇಳಿಸಿಕೊಂಡಿದ್ದರೆ. ಅದರ ಮೇಲೆ ತಪ್ಪು ಉತ್ತರಕ್ಕೆ ತನ್ನದೇ ದನಿ ಬೇರೆ ಹಾಕಿಸಿದಳು, ಕಣ್ಣು ಎಲ್ಲಿಟ್ಟಿದೀಯ, ಮತ್ತೆ ನೋಡು, ಒಳ್ಳೆಯದಕ್ಕೇ ಹಾಕಿಸಿದ್ದು, ಭಯ ಇರಲಿ ಅಂತ. ಇವತ್ತು ಬೆಳಿಗ್ಗೆ ಕೋಟು ತೂಗುಹಾಕುವ ಕಡೆ ಹುಡುಗಿಯರು ಬೂಟು ಬಿಚ್ಚುತ್ತ ಮಾತಾಡುತ್ತಿದ್ದರು, ಹಿಲ್ಕಾ ಕಂಬದ ಹಿಂದೆ ಇದ್ದದ್ದು ಅವರಿಗೆ ಕಾಣಲಿಲ್ಲ, ನೋಡೋದೇನಿದೆ, ಕಣ್ಣು ಮುಚ್ಕೊಂಡು ಎಡಗಾಲು ಅಂತ ಒತ್ತೇ, ಅವಳ ಬೈಗುಳ ತಪ್ಪತ್ತೆ, ಉತ್ತರ ಫೋನ್ ಗುಂಪಲ್ಲಿ ಎಲ್ಲರಿಗೂ ಕಳ್ಸಿದೀನಲ್ಲ, ಎಲ್ಲರೂ ನಕ್ಕರು, ರೊನ್ಯಾನೂ ನಕ್ಕಳು. ರೊನ್ಯಾನೂ. ಕಂಪ್ಯೂಟರಿನಲ್ಲಿ ಅವಳ ಹೆಸರಿನ ಮುಂದೆ ಎಲ್ಲ ಹಸಿರು, ಒಂದೂ ತಪ್ಪಿಲ್ಲ, ಹಿಲ್ಕಾ ಅದನ್ನು ನೋಡಿ ಖುಷಿಪಟ್ಟಿದ್ದಳು, ಪಾಠ ಹಿಡಿಸಿದೆ ಅಂದುಕೊಂಡಿದ್ದಳು, ಪ್ರಿನ್ಸಿಪಾಲರಿಗೂ ತೋರಿಸಿದ್ದಳು, ಮೂರ್ಖಿ, ಮುದಿ ಮೂರ್ಖಿ. ಎಡಗಾಲು. ಇವತ್ತು ಬಲಹೆಗಲಿನದು ತಪ್ಪಿದ್ದರೆ. ಅಮ್ಮನ ಬಲಹೆಗಲು ಇಳಿಬಿದ್ದಿದೆ, ಕುಣಿಕೆ ಅಲ್ಲೇ ಜಾರುವುದು, ಹುಡುಗಿ ಎಡಗಾಲು ನೋಡುತ್ತಾಳೆ, ಸರಿಯಿದೆ ಅಂತಾಳೆ, ಎತ್ತುತ್ತಾಳೆ, ಬೇರೆ ಊರಿನಲ್ಲಿ ಒಬ್ಬ ಮುದುಕಿ ಹೀಗೇ ಪಕ್ಕಕ್ಕೆ ಜಾರಿ ಸೊಂಟ ಮುರಿದುಕೊಂಡು ಮತ್ತೆ ಮೇಲೇಳಲೇ ಇಲ್ಲ, ಸಿನಿಕ್ಕಾ ಒಳಗೇ ಇದ್ದಾಳಲ್ಲ, ಇದ್ದಾಳೆ, ಆದರೆ ಪರೀಕ್ಷೆಯಲ್ಲಿ ಅವಳು ಮಾತಾಡುವಂತಿಲ್ಲ, ಅಪಾಯ ಕಂಡರೆ ಮಾತ್ರ, ಕಂಡರೆ, ಅವಳ ಕಣ್ಣು ಈಗೀಗ ಮಾರ್ಕಿನ ಹಾಳೆಯ ಮೇಲೇ. ಎದ್ದು ಬಾಗಿಲು ತೆಗೆದರೆ ಆಯಿತು. ತೆಗೆದರೆ ಹುಡುಗಿಯ ಪರೀಕ್ಷೆ ಅಲ್ಲಿಗೇ ರದ್ದು, ವಸಂತದವರೆಗೆ ಕಾಯಬೇಕು, ಇಲ್ಲೇ ಕೆಲಸ ಕೊಡುತ್ತೇವೆ ಅಂದಿದ್ದಾರೆ ಅವಳಿಗೆ, ಅದೂ ಹೋಗುತ್ತದೆ, ಹೋಗಲಿ, ಅಮ್ಮನಿಗಿಂತ ಹೆಚ್ಚೇ — ಹಿಲ್ಕಾ ಎದ್ದು ನಿಂತಳು, ಕಾಫಿ ಸ್ಕರ್ಟಿನ ಮೇಲೆ ಚೆಲ್ಲಿತು, ಕೈ ಬಾಗಿಲ ಹಿಡಿಯ ಮೇಲೆ.

ಮೋಟಾರು ಶುರುವಾಯಿತು. ಜೇನುಹುಳದ ಹಾಗೆ ಗುಂಯ್ ಅನ್ನುತ್ತ, ಈಗ ಪಟ್ಟಿಗಳು ಬಿಗಿಯಾಗುತ್ತಿವೆ, ಈಗ ಬೆನ್ನು ಹಾಸಿಗೆ ಬಿಡುತ್ತಿದೆ, ಈಗ ನಿಲ್ಲಿಸಬೇಕು, ಇಲ್ಲೇ, ಮೈ ಒಂದು ಅಂಗೈ ಎತ್ತರಕ್ಕೆ ಬಂದಾಗ, ನಿಲ್ಲಿಸಿ ನಾಲ್ಕೂ ಕಡೆ ನೋಡಬೇಕು, ನಿಲ್ಲಿಸೇ, ನಿಲ್ಲಿಸೇ ಹುಡುಗಿ — ನಿಂತಿತು. ಮೋಟಾರು ನಿಂತಿತು. ಸೌನಾದ ಬರ್ಚ್ ಮರದ ಎಲೆಯ ವಾಸನೆ ಕಾರಿಡಾರಿನ ತುದಿಯಿಂದ ಬರುತ್ತಿದೆ, ಬಿಸಿ, ಒದ್ದೆ, ಉಸಿರು ಕಟ್ಟುವ ಹಾಗೆ. ಎಡಗಾಲು ಸರಿಯಿದೆ, ಒಳಗಿನಿಂದ ರೊನ್ಯಾಳ ದನಿ. ಅಯ್ಯೋ. ಅದೇ ಆಯಿತು, ಅದೇ ಉತ್ತರ, ಅಂದಳು, ಈಗ ಗುಂಡಿ ಒತ್ತುತ್ತಾಳೆ, ಬಲಹೆಗಲು ನೋಡೇ ಅಂತ ಕೂಗಬೇಕು, ನಾಲಿಗೆಯ ತುದಿಯಲ್ಲಿದೆ ಉತ್ತರ, ಯಾವಾಗಲೂ ನಾಲಿಗೆಯ ತುದಿಯಲ್ಲೇ ಇರುತ್ತದೆ, ಜನ್ಮವಿಡೀ ಅವಳು ಮಾಡಿದ್ದೇ ಅದು, ಕೇಳಿ, ಕಾಯದೆ, ತಾನೇ ಹೇಳಿಬಿಡುವುದು. ಮೋಟಾರು ಶುರುವಾಗಲಿಲ್ಲ. ಇದು ತರಗತಿಯ ಮೌನದಂಥ ಮೌನ, ಹಿಮ ನೋಡುವ ಮೌನ, ಅಲ್ಲವೇನೋ, ಆ ಮೌನದಲ್ಲೂ ಅವರೇನು ಮಾಡುತ್ತಿದ್ದರೋ ಇವಳಿಗೆ ಎಲ್ಲಿ ಗೊತ್ತು, ಒಂದು ದಿನವಾದರೂ ಕಾದು ನೋಡಿದ್ದರಲ್ಲವೇ. ಮತ್ತೆ ರೊನ್ಯಾಳ ದನಿ, ಈ ಸಲ ತಗ್ಗಿ, ಹಾಸಿಗೆಯ ಹತ್ತಿರ ಬಗ್ಗಿ ಅಮ್ಮನಿಗೇ ಹೇಳಿದ ಹಾಗೆ, ಲೆಂಪಿ ಅಜ್ಜಿ, ನನ್ನ ಕಣ್ಣಿಗೆ ಎಲ್ಲಾ ಸರಿ ಕಾಣ್ತಿದೆ, ಜೋಲಿ ಒಳಗಿರೋದು ನೀವು, ನಿಮಗೆ ಎಲ್ಲಾದ್ರೂ ಸಡಿಲ ಅನ್ನಿಸ್ತಿದ್ಯಾ, ನಿಧಾನಕ್ಕೆ ಹೇಳಿ, ನಂಗೇನೂ ಅವಸರ ಇಲ್ಲ. ಇದು ವಿಡಿಯೊದಲ್ಲಿ ಇಲ್ಲ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ, ಈ ಪ್ರಶ್ನೆ ಎಲ್ಲೂ ಇಲ್ಲ, ಉತ್ತರ ಮಾತ್ರ ಇತ್ತು, ಆವತ್ತು ಜೋಲಿಯಲ್ಲಿ ತೂಗುತ್ತ ಮಗಳ ಕಡೆ ನೋಡಿ ಬಾಯಿ ತೆರೆದಾಗ, ಎಡಗಾಲಿನ ಕುಣಿಕೆ ಜಾರುತ್ತಿದ್ದದ್ದು ಅಮ್ಮನಿಗೆ ಗೊತ್ತಿತ್ತು, ಗೊತ್ತಿರದೆ ಇರುತ್ತದಾ, ಅವಳ ಕಾಲು ಅದು, ಸುಮ್ಮನಿರು ಅಮ್ಮಾ — ಹಿಲ್ಕಾಳ ಕೈ ಬಾಗಿಲ ಹಿಡಿಯ ಮೇಲೇ ಇದೆ, ಒತ್ತುತ್ತಿಲ್ಲ, ಬಿಡುತ್ತಲೂ ಇಲ್ಲ, ಒಳಗೆ ಹುಡುಗಿ ಕಾಯುತ್ತಿದ್ದಾಳೆ, ಕಾಣದಿದ್ದರೂ ಗೊತ್ತು, ಅಮ್ಮನ ಬಾಯಿ ಅರ್ಧ ತೆರೆದಿದೆ, ಅರ್ಧ ತೆರೆದಿದೆ